ನೂರು ಗಂಟೆಯ ಆಟ: ಜಪಾನಿನ ಉದ್ದನೆಯ ರೋಲ್‌ಪ್ಲೇ ಆಟಗಳು ಕೊಡೋದೇನು, ಕಿತ್ಕೊಳ್ಳೋದೇನು



ಜಪಾನಿನ ರೋಲ್‌ಪ್ಲೇ ಆಟಗಳಲ್ಲಿ ಸೇವ್ ಮಾಡುವ ಪರದೆ ತೆರೆದರೆ ಒಂದು ಮೂಲೆಯಲ್ಲಿ ಗಡಿಯಾರದ ತರಹ ಒಂದು ಅಂಕಿ ಕಾಣುತ್ತೆ. ಇಲ್ಲಿಯವರೆಗೆ ನೀವು ಒಟ್ಟು ಎಷ್ಟು ಗಂಟೆ ಆಡಿದ್ದೀರಿ ಅನ್ನೋ ಲೆಕ್ಕ ಅದು. ಕಳೆದ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಹಾಸ್ಟೆಲ್ ರೂಮಿನ ಲ್ಯಾಪ್‌ಟಾಪ್‌ನಲ್ಲಿ ಆ ಅಂಕಿ 112 ಆಗಿತ್ತು. ನಮ್ಮ ನಾಲ್ಕು ಕ್ರೆಡಿಟ್‌ನ ಗಣಿತಕ್ಕೆ ಇಡೀ ಸೆಮಿಸ್ಟರ್‌ನಲ್ಲಿ ಇದ್ದದ್ದು 50 ಗಂಟೆ ಪಾಠ. ಅಂದ್ರೆ ಒಂದು ಆಟಕ್ಕೆ ನಾವು ಎರಡು ಗಣಿತಕ್ಕಿಂತ ಜಾಸ್ತಿ ಸಮಯ ಕೊಟ್ಟಿದ್ದೆವು. ಫಲಿತಾಂಶವೂ ಅದಕ್ಕೆ ತಕ್ಕ ಹಾಗೇ ಬಂತು. ಆ ಕಥೆ ಆಮೇಲೆ ಹೇಳ್ತೀವಿ.

ರೂಮಿನಲ್ಲಿ ನಾವು ಮೂವರು. ಮೂವರೂ ಈ ಆಟಗಳನ್ನು ಇಷ್ಟಪಡುವವರೇ. ಹಾಗಾಗಿ ಈ ಲೇಖನ "ವಿಡಿಯೋ ಗೇಮ್ ಆಡಬೇಡಿ" ಅನ್ನೋ ಉಪದೇಶ ಅಲ್ಲ. "ಗೇಮ್ ಆಡಿದ್ರೆ ಬುದ್ಧಿ ಬೆಳೆಯುತ್ತೆ" ಅನ್ನೋ ಜಾಹೀರಾತೂ ಅಲ್ಲ. ಈ ಆಟಗಳು ಇಷ್ಟು ಉದ್ದ ಯಾಕೆ, ಆ ಉದ್ದದಿಂದ ಏನು ಸಿಗುತ್ತೆ, ಏನು ಹೋಗುತ್ತೆ ಅಂತ ಇಂಜಿನಿಯರಿಂಗ್ ವಿದ್ಯಾರ್ಥಿಗಳ ತರಹ ಸ್ವಲ್ಪ ಬಿಚ್ಚಿ ನೋಡೋಣ.

ಮೊದಲು, ಜೆಆರ್‌ಪಿಜಿ ಅಂದ್ರೆ ಏನು?

ರೋಲ್‌ಪ್ಲೇ ಆಟದಲ್ಲಿ ನಾವು ಒಂದು ಪಾತ್ರವನ್ನು, ಹೆಚ್ಚಿನ ಸಲ ಒಂದು ತಂಡವನ್ನೇ ನಡೆಸ್ತೀವಿ. ಪ್ರತಿ ಪಾತ್ರಕ್ಕೂ ಶಕ್ತಿ, ವೇಗ, ಜೀವ ಅಂತ ಅಂಕಿಗಳಿರುತ್ತವೆ. ಶತ್ರುಗಳನ್ನು ಸೋಲಿಸಿದರೆ ಅನುಭವದ ಅಂಕ ಸಿಗುತ್ತೆ. ಅಂಕ ಒಂದು ಮಿತಿ ದಾಟಿದರೆ ಲೆವೆಲ್ ಏರುತ್ತೆ, ಅಂಕಿಗಳು ಬೆಳೆಯುತ್ತವೆ. ಇದರ ಮೂಲ ಅಮೆರಿಕ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಮೇಜಿನ ಮೇಲೆ ಆಡುವ ಆಟ, ಆಮೇಲೆ 1981ರಲ್ಲಿ ಕಂಪ್ಯೂಟರ್‌ಗೆ ಬಂದ ವಿಝರ್ಡ್ರಿ ಮತ್ತು ಅಲ್ಟಿಮಾ, ಇವು ಈ ವಂಶದ ಹಿರಿಯರು.

ಜಪಾನಿನ ಯೂಜಿ ಹೋರಿಯಿ ಈ ಕಂಪ್ಯೂಟರ್ ಆಟಗಳನ್ನು ಆಡಿ ಮರುಳಾದವರು. ಆದರೆ ಅವು ಕಷ್ಟದ ಆಟಗಳು, ಕೀಬೋರ್ಡ್ ಬೇಕು, ದಪ್ಪ ಕೈಪಿಡಿ ಓದಬೇಕು. ಮನೆಮನೆಯಲ್ಲಿದ್ದ ಫ್ಯಾಮಿಕಾಮ್ ಯಂತ್ರದಲ್ಲಿ, ನಾಲ್ಕು ದಿಕ್ಕಿನ ಗುಂಡಿ ಮತ್ತು ಎರಡು ಬಟನ್ ಇಟ್ಟುಕೊಂಡು ಚಿಕ್ಕ ಮಕ್ಕಳೂ ಆಡುವ ಹಾಗೆ ಇದನ್ನು ಸರಳ ಮಾಡಬೇಕು ಅನ್ನೋದು ಅವರ ಯೋಚನೆ. 1986ರಲ್ಲಿ ಎನಿಕ್ಸ್ ಕಂಪನಿಯಿಂದ ಡ್ರ್ಯಾಗನ್ ಕ್ವೆಸ್ಟ್ ಬಂತು. ಚಿತ್ರಗಳು ಅಕಿರಾ ತೋರಿಯಾಮಾ ಅವರದ್ದು, ಹೌದು, ಡ್ರ್ಯಾಗನ್ ಬಾಲ್ ಬರೆದ ಅವರೇ. ಮರುವರ್ಷ, 1987ರಲ್ಲಿ, ಸ್ಕ್ವೇರ್ ಕಂಪನಿಯ ಹಿರೊನೊಬು ಸಕಾಗುಚಿ ಅವರ ಫೈನಲ್ ಫ್ಯಾಂಟಸಿ ಬಂತು. ಇವೆರಡೂ ಮುಂದೆ ದೊಡ್ಡ ಮರಗಳಾದವು. 1988ರ ಫೆಬ್ರವರಿ 10ರಂದು ಡ್ರ್ಯಾಗನ್ ಕ್ವೆಸ್ಟ್‌ನ ಮೂರನೇ ಭಾಗ ಬಿಡುಗಡೆ ಆಯ್ತು. ಅವತ್ತು ಬುಧವಾರ. ಶಾಲೆಗೆ ಚಕ್ಕರ್ ಹೊಡೆದು ಅಂಗಡಿ ಮುಂದೆ ಸಾಲು ನಿಂತ ಮಕ್ಕಳು ಪೊಲೀಸರ ಕೈಗೆ ಸಿಕ್ಕಿಬಿದ್ದದ್ದು ಆಗ ದೊಡ್ಡ ಸುದ್ದಿ. ಇದಕ್ಕಾಗಿ ಸರ್ಕಾರ ಕಾನೂನೇ ಮಾಡಿತು ಅಂತ ಒಂದು ಮಾತು ಇವತ್ತಿಗೂ ಓಡಾಡುತ್ತೆ, ಅದು ಬರೀ ದಂತಕಥೆ. ಆದರೆ ನಾಲ್ಕನೇ, ಐದನೇ ಭಾಗಗಳು ಭಾನುವಾರ ಬಂದದ್ದು ನಿಜ. ಕ್ಲಾಸ್ ಬಂಕ್ ಮಾಡಿ ಆಡಿದವರು ನಾವೇ ಮೊದಲಲ್ಲ ಅಂತ ತಿಳಿದು ನಮಗೆ ಸ್ವಲ್ಪ ಸಮಾಧಾನ ಆಯ್ತು.

ಉದ್ದ ಎಲ್ಲಿಂದ ಬಂತು?

ಮೊದಲ ಡ್ರ್ಯಾಗನ್ ಕ್ವೆಸ್ಟ್ ಇದ್ದ ಕ್ಯಾಟ್ರಿಜ್‌ನ ಗಾತ್ರ ಬರೀ 64 ಕಿಲೋಬೈಟ್. ಇವತ್ತು ನಾವು ವಾಟ್ಸ್ಯಾಪ್‌ನಲ್ಲಿ ಕಳಿಸುವ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಹೆಚ್ಚಾಗಿ ಅದಕ್ಕಿಂತ ದೊಡ್ಡದಿರುತ್ತೆ. ಜಾಗ ಎಷ್ಟು ಕಡಿಮೆ ಅಂದ್ರೆ, ಜಪಾನಿ ಭಾಷೆಯ ಕತಕಾನ ಲಿಪಿಯ ಎಲ್ಲ ಅಕ್ಷರಗಳನ್ನೂ ಇಡೋಕೆ ಆಗಲಿಲ್ಲ. ಕೆಲವೇ ಅಕ್ಷರಗಳನ್ನು ಆರಿಸಿಕೊಂಡು, ಊರು ಮತ್ತು ರಾಕ್ಷಸರ ಹೆಸರುಗಳನ್ನು ಆ ಅಕ್ಷರಗಳಲ್ಲೇ ಬರುವ ಹಾಗೆ ಇಟ್ಟರು. ಕನ್ನಡದಲ್ಲಿ ಹತ್ತಿಪ್ಪತ್ತು ಅಕ್ಷರ ಮಾತ್ರ ಬಳಸಿ ಒಂದು ಕಾದಂಬರಿ ಬರೀರಿ ಅಂದ್ರೆ ಹೇಗಿರುತ್ತೆ ಅಂತ ನೀವೇ ಊಹಿಸಿ.

ಸೇವ್ ಮಾಡುವ ವ್ಯವಸ್ಥೆಯೂ ಜಪಾನಿನ ಆ ಕ್ಯಾಟ್ರಿಜ್‌ನಲ್ಲಿ ಇರಲಿಲ್ಲ. ಆಟ ನಿಲ್ಲಿಸುವಾಗ 20 ಅಕ್ಷರದ ಒಂದು ಮಂತ್ರ ಪರದೆಯ ಮೇಲೆ ಬರುತ್ತಿತ್ತು, ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮರುದಿನ ಟೈಪ್ ಮಾಡಬೇಕು. ಎರಡನೇ ಭಾಗದಲ್ಲಿ ಆ ಮಂತ್ರ 52 ಅಕ್ಷರದವರೆಗೂ ಬೆಳೆಯಿತು. ಒಂದು ಅಕ್ಷರ ತಪ್ಪಿದರೂ ಮುಗೀತು. ಒತ್ತಕ್ಷರ ತಪ್ಪಿ ಬೈಸಿಕೊಂಡ ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಆ ಮಕ್ಕಳ ನೋವು ಚೆನ್ನಾಗಿ ಅರ್ಥ ಆಗುತ್ತೆ.

ಇಷ್ಟು ಸಣ್ಣ ಜಾಗದಲ್ಲಿ ಇಪ್ಪತ್ತು ಗಂಟೆಯ ಕಥೆ ಹಿಡಿಸೋದಿಲ್ಲ. ಆದರೆ ಮಕ್ಕಳು ದುಬಾರಿ ಕೊಟ್ಟು ಕೊಂಡ ಆಟ ಒಂದು ಸಂಜೆಯಲ್ಲಿ ಮುಗಿದರೂ ಆಗೋದಿಲ್ಲ. ಉತ್ತರ ಯುದ್ಧಗಳು. ಒಂದೇ ರಾಕ್ಷಸನ ಚಿತ್ರ ಮೆಮೊರಿಯಲ್ಲಿ ಒಂದು ಸಲ ಇದ್ದರೆ ಸಾಕು, ಅವನ ಜೊತೆ ನೂರು ಸಲ ಹೊಡೆದಾಡಬಹುದು. ಅಂದ್ರೆ ಈ ಆಟಗಳ ಉದ್ದಕ್ಕೆ ಒಂದು ಕಾರಣ ಕಥೆಯ ಆಸೆ, ಇನ್ನೊಂದು ಕಾರಣ ಮೆಮೊರಿಯ ಬಡತನ. ಮೆಮೊರಿಯ ಬಡತನ ಹೋಗಿ ಎಷ್ಟೋ ಕಾಲ ಆಯ್ತು. 1997ರ ಫೈನಲ್ ಫ್ಯಾಂಟಸಿ 7 ಮೂರು ಸಿಡಿಗಳಲ್ಲಿ ಬಂತು. ಆದರೆ ಅಭ್ಯಾಸ ಉಳಿದುಕೊಂಡಿತು.

ಯಾಕೆ ಇಷ್ಟ ಆಗುತ್ತೆ?

ನಾವು ಮೂವರೂ ಕೂತು ಚರ್ಚೆ ಮಾಡಿ ಮೂರು ಕಾರಣ ಒಪ್ಪಿಕೊಂಡೆವು.

ಮೊದಲನೆಯದು, ಇಲ್ಲಿ ಸೋಲಿಗೆ ಕರುಣೆ ಇದೆ. ಆ ಕಾಲದ ಬೇರೆ ಆಟಗಳಲ್ಲಿ ಬೆರಳಿನ ಚುರುಕು ಬೇಕಿತ್ತು, ಮೂರು ಸಲ ಸತ್ತರೆ ಮೊದಲಿನಿಂದ ಶುರು. ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಸತ್ತರೆ ರಾಜನ ಮುಂದೆ ಎಚ್ಚರ ಆಗುತ್ತೆ. ಕೈಯಲ್ಲಿದ್ದ ಚಿನ್ನ ಅರ್ಧ ಹೋಗಿರುತ್ತೆ, ಆದರೆ ಗಳಿಸಿದ ಅನುಭವ ಹಾಗೇ ಇರುತ್ತೆ. ಬೆರಳು ಚುರುಕಿಲ್ಲದವನೂ ತಾಳ್ಮೆ ಇದ್ದರೆ ಆಟ ಮುಗಿಸಬಹುದು. ಸೋತರೂ ಕಲಿತದ್ದು ಹೋಗೋದಿಲ್ಲ ಅನ್ನೋ ಭರವಸೆ ಇದೆಯಲ್ಲ, ಅದು ಬಹಳ ದೊಡ್ಡದು. ಇಂಟರ್ನಲ್ಸ್‌ನಲ್ಲಿ ಹೊಡೆತ ತಿಂದು ರೂಮಿಗೆ ಬಂದವನಿಗೆ ಇನ್ನೂ ದೊಡ್ಡದು.

ಎರಡನೆಯದು, ಜೊತೆಗಿದ್ದ ಸಮಯ. ಇಲ್ಲಿ ಫೈನಲ್ ಫ್ಯಾಂಟಸಿ 7ರ ಒಂದು ಗುಟ್ಟು ಬಿಡ್ತೀವಿ, ಗೊತ್ತಿಲ್ಲದವರು ಮುಂದಿನ ಪ್ಯಾರಾಗೆ ಹಾರಿ. ಆ ಆಟದಲ್ಲಿ ಏರಿತ್ ಅನ್ನೋ ಹೂ ಮಾರುವ ಹುಡುಗಿ ನಮ್ಮ ತಂಡ ಸೇರ್ತಾಳೆ. ಅವಳಿಗೆ ನಾವು ಆಯುಧ ಕೊಡಿಸ್ತೀವಿ, ಲೆವೆಲ್ ಏರಿಸ್ತೀವಿ, ಪ್ರತಿ ಯುದ್ಧದಲ್ಲಿ ಅವಳು ನಮ್ಮ ಗಾಯ ವಾಸಿ ಮಾಡ್ತಾಳೆ. ಮೊದಲ ಸಿಡಿಯ ಕೊನೆಯಲ್ಲಿ ಅವಳನ್ನು ಕೊಲ್ಲುತ್ತಾರೆ. ಅವಳು ವಾಪಸ್ ಬರಲ್ಲ. ಮುಂದಿನ ಯುದ್ಧಕ್ಕೆ ತಂಡ ಆರಿಸುವ ಪಟ್ಟಿ ತೆರೆದರೆ ಅವಳ ಹೆಸರೇ ಇರಲ್ಲ. ಎರಡು ಗಂಟೆಯ ಸಿನಿಮಾದಲ್ಲಿ ಒಬ್ಬರು ಸತ್ತರೆ ನಾವು ಅಳಬಹುದು. ಆದರೆ ಇಲ್ಲಿ ಹತ್ತು ಹನ್ನೆರಡು ಗಂಟೆ ನಾವೇ ಬೆಳೆಸಿದವಳು ಹೋಗ್ತಾಳೆ, ಅಷ್ಟೂ ದಿನ ಅವಳ ಮೇಲೆ ನಿಂತಿದ್ದ ನಮ್ಮ ಲೆಕ್ಕಾಚಾರವೇ ಬಿದ್ದುಹೋಗುತ್ತೆ. ಆ ಉದ್ದ ಇಲ್ಲದಿದ್ದರೆ ಆ ನೋವೂ ಇರ್ತಿರಲಿಲ್ಲ.

ಮೂರನೆಯದು, ಒಂದು ಊರು ನಮ್ಮದಾಗೋದು. 2016ರಲ್ಲಿ ಬಂದ ಪರ್ಸೋನಾ 5ರಲ್ಲಿ ನಾವು ಟೋಕಿಯೋದ ಒಬ್ಬ ಹೈಸ್ಕೂಲ್ ಹುಡುಗ. ಏಪ್ರಿಲ್‌ನಲ್ಲಿ ಆಟ ಶುರುವಾಗುತ್ತೆ, ಆಮೇಲೆ ಒಂದೊಂದೇ ದಿನ ಕ್ಯಾಲೆಂಡರ್ ಮುಂದೆ ಹೋಗುತ್ತೆ. ಒಂದು ಕಾಫಿ ಅಂಗಡಿಯ ಅಟ್ಟದಲ್ಲಿ ವಾಸ. ಬೆಳಿಗ್ಗೆ ಕಿಕ್ಕಿರಿದ ರೈಲು, ಶಿಬುಯಾ ಸ್ಟೇಷನ್‌ನಲ್ಲಿ ಬದಲಾವಣೆ, ಕ್ಲಾಸಿನಲ್ಲಿ ಮೇಷ್ಟ್ರು ಕೇಳುವ ಪ್ರಶ್ನೆ, ಸಂಜೆ ಯಾರ ಜೊತೆ ಕಳೀಬೇಕು ಅನ್ನೋ ಆಯ್ಕೆ. ಐವತ್ತು ಗಂಟೆ ಆದ ಮೇಲೆ ಆ ಸ್ಟೇಷನ್‌ನ ದಾರಿ ನಮಗೆ ನಮ್ಮ ಊರಿನ ಬಸ್‌ಸ್ಟ್ಯಾಂಡಿನಷ್ಟೇ ಗೊತ್ತಿರುತ್ತೆ. ಜಪಾನ್‌ಗೆ ನಾವು ಯಾವತ್ತು ಹೋಗ್ತೀವೋ ಗೊತ್ತಿಲ್ಲ. ಆದರೆ ಅಲ್ಲಿ ಮಳೆ ಬಂದ ದಿನ ಕಾಫಿ ಅಂಗಡಿ ಹೇಗಿರುತ್ತೆ ಅಂತ ಒಂದು ನೆನಪು ನಮಗಿದೆ. ಸಂಗೀತವೂ ಹಾಗೆ. ಒಂದೇ ರಾಗ ನೂರು ಸಲ ಕೇಳಿ ಅದು ಆ ಜಾಗದ ವಾಸನೆ ಇದ್ದ ಹಾಗೆ ಆಗಿಬಿಡುತ್ತೆ.

ಒಂದು ಸಣ್ಣ ಲೆಕ್ಕ

ಈಗ ಇನ್ನೊಂದು ಮುಖ ನೋಡೋಣ. ಗ್ರೈಂಡಿಂಗ್ ಅಂದ್ರೆ ಲೆವೆಲ್ ಏರಿಸೋಕೆ ಅಂತಲೇ ಅದೇ ಶತ್ರುಗಳ ಜೊತೆ ಮತ್ತೆ ಮತ್ತೆ ಹೊಡೆದಾಡೋದು, ರಾಗಿ ಬೀಸಿದ ಹಾಗೆ. ಇದು ಎಷ್ಟು ಸಮಯ ತಿನ್ನುತ್ತೆ ಅನ್ನೋದಕ್ಕೆ ನಾವೇ ಒಂದು ಕಾಲ್ಪನಿಕ ಆಟ ಮಾಡಿಕೊಂಡು ಲೆಕ್ಕ ಹಾಕಿದೆವು.

ಮೊದಲ ಲೆವೆಲ್ ದಾಟೋಕೆ 100 ಅಂಕ ಬೇಕು. ಪ್ರತಿ ಮುಂದಿನ ಲೆವೆಲ್‌ಗೆ ಅದಕ್ಕಿಂತ 1.2 ಪಟ್ಟು ಬೇಕು ಅಂತ ಇಟ್ಟುಕೊಳ್ಳೋಣ. ಮೊದಲ ಲೆವೆಲ್‌ನ ರಾಕ್ಷಸ 10 ಅಂಕ ಕೊಡ್ತಾನೆ. ನಾವು ಮುಂದೆ ಹೋದ ಹಾಗೆ ರಾಕ್ಷಸರು ಕೊಡುವ ಅಂಕವೂ ಲೆವೆಲ್‌ಗೆ 1.2 ಪಟ್ಟು ಏರಿದರೆ, ಪ್ರತಿ ಲೆವೆಲ್‌ಗೂ 10 ಯುದ್ಧ. ಇಪ್ಪತ್ತು ಲೆವೆಲ್‌ಗೆ 200 ಯುದ್ಧ.

ಈಗ ಆಟ ಮಾಡಿದವರು ರಾಕ್ಷಸರ ಅಂಕ ಏರುವ ದರವನ್ನು 1.2ರ ಬದಲು 1.1 ಮಾಡಿದರು ಅಂತ ಅಂದುಕೊಳ್ಳಿ. ಮೊದಲ ಲೆವೆಲ್‌ಗೆ ಅದೇ 10 ಯುದ್ಧ. ಆದರೆ ಇಪ್ಪತ್ತನೆಯದಕ್ಕೆ ಸುಮಾರು 52 ಯುದ್ಧ. ಇಪ್ಪತ್ತೂ ಕೂಡಿಸಿದರೆ ಸುಮಾರು 517. ಒಂದು ಯುದ್ಧಕ್ಕೆ ಒಂದು ನಿಮಿಷ ಅಂದ್ರೂ ಆಟ ಐದು ಗಂಟೆಗೂ ಹೆಚ್ಚು ಉದ್ದ ಆಯ್ತು. ಹೊಸ ಕಥೆ ಒಂದು ಸಾಲು ಬರೀಲಿಲ್ಲ, ಹೊಸ ಊರು ಕಟ್ಟಲಿಲ್ಲ, ದಶಾಂಶದ ನಂತರದ ಒಂದು ಅಂಕಿ ಬದಲಿಸಿದರು ಅಷ್ಟೇ. ಗುಣೋತ್ತರ ಶ್ರೇಢಿ ಪಿಯುಸಿಯಲ್ಲಿ ಓದಿದ್ದೆವು, ಅದಕ್ಕೆ ಇಂಥ ಉಪಯೋಗ ಇದೆ ಅಂತ ಯಾರೂ ಹೇಳಿರಲಿಲ್ಲ.

ಇನ್ನೊಂದು ಲೆಕ್ಕ. ಒಬ್ಬ ರಾಕ್ಷಸನ ಹತ್ತಿರ ಒಂದು ಅಪರೂಪದ ಕತ್ತಿ ಇದೆ, ಅದು 64ರಲ್ಲಿ 1 ಸಲ ಸಿಗುತ್ತೆ ಅಂತ ಇಟ್ಟುಕೊಳ್ಳಿ. "64 ಸಲ ಹೊಡೆದರೆ ಸಿಕ್ಕೇ ಸಿಗುತ್ತೆ" ಅಂತ ನಮ್ಮ ಮನಸ್ಸು ಹೇಳುತ್ತೆ. ಆದರೆ 64 ಸಲ ಹೊಡೆದರೂ ಸಿಗದೇ ಇರುವ ಸಂಭವ 63/64ರ 64ನೇ ಘಾತ, ಅಂದ್ರೆ ನೂರಕ್ಕೆ 36ಕ್ಕಿಂತ ಹೆಚ್ಚು. ಮೂರು ಜನ ಆಡಿದರೆ ಸರಾಸರಿ ಒಬ್ಬನಿಗೆ ಸಿಗಲ್ಲ. ನಮ್ಮ ರೂಮಿನಲ್ಲಿ ಆ ಒಬ್ಬ ಯಾವಾಗಲೂ ಒಬ್ಬನೇ, ಅದು ಬೇರೆ ವಿಷಯ.

ಎಲ್ಲಿ ಕೈ ಕೊಡುತ್ತೆ?

ಗ್ರೈಂಡಿಂಗ್ ಒಂದೇ ತೊಂದರೆ ಅಲ್ಲ. ಇನ್ನೂ ಕೆಲವು ಇವೆ.

ಒಂದು, ನಿಧಾನದ ಆರಂಭ. 2009ರ ಫೈನಲ್ ಫ್ಯಾಂಟಸಿ 13ರಲ್ಲಿ ಮೊದಲ ಹತ್ತು ಅಧ್ಯಾಯ ಬಹುಪಾಲು ಒಂದು ಉದ್ದನೆ ಓಣಿಯಲ್ಲಿ ನಡೆದ ಹಾಗೆ. ಹನ್ನೊಂದನೇ ಅಧ್ಯಾಯದಲ್ಲಿ ವಿಶಾಲವಾದ ಬಯಲು ತೆರೆಯುತ್ತೆ. ಅಲ್ಲಿಗೆ ಹೋಗೋಕೆ ಇಪ್ಪತ್ತು ಗಂಟೆಯ ಆಸುಪಾಸು ಬೇಕು. "ಇಪ್ಪತ್ತು ಗಂಟೆ ಆದ ಮೇಲೆ ಚೆನ್ನಾಗಿದೆ ಮಗಾ" ಅಂತ ಯಾರಾದ್ರೂ ಹೇಳಿದರೆ, ಇಪ್ಪತ್ತು ಗಂಟೆ ಅಂದ್ರೆ ಹತ್ತು ಸಿನಿಮಾ ಅಂತ ನೆನಪಿಡಿ.

ಎರಡು, ಪುನರಾವರ್ತನೆ. 2012ರ ಬ್ರೇವ್ಲಿ ಡಿಫಾಲ್ಟ್ ಬಹಳ ಒಳ್ಳೆಯ ಯುದ್ಧ ಪದ್ಧತಿಯ ಆಟ. ಆದರೆ ಅರ್ಧ ದಾಟಿದ ಮೇಲೆ ಅದೇ ಬಾಸ್‌ಗಳನ್ನು ಮತ್ತೆ ಮತ್ತೆ ಸೋಲಿಸಿಕೊಂಡು ಹೋಗಬೇಕು. ಅದಕ್ಕೆ ಕಥೆಯಲ್ಲಿ ಕಾರಣ ಇದೆ, ಒಪ್ತೀವಿ. ಕಾರಣ ಇದ್ದ ಮಾತ್ರಕ್ಕೆ ಬೇಜಾರು ಕಡಿಮೆ ಆಗಲ್ಲ.

ಮೂರು, ಗೊತ್ತಿಲ್ಲದೆ ತಪ್ಪಿಹೋಗುವ ವಿಷಯಗಳು. 2000ರ ಫೈನಲ್ ಫ್ಯಾಂಟಸಿ 9ರಲ್ಲಿ ಒಂದು ಶ್ರೇಷ್ಠ ಕತ್ತಿ ಬೇಕಾದರೆ ಕೊನೆಯ ಜಾಗಕ್ಕೆ 12 ಗಂಟೆಯೊಳಗೆ ತಲುಪಬೇಕು. ನಿಧಾನವಾಗಿ ಪ್ರತಿ ಊರು ನೋಡಿ, ಎಲ್ಲರ ಹತ್ತಿರ ಮಾತಾಡಿಕೊಂಡು ಹೋದವನಿಗೆ ಅದು ಸಿಗಲ್ಲ. ಪರ್ಸೋನಾ 5 ರಾಯಲ್‌ನಲ್ಲಿ ಕೊನೆಗೆ ಒಂದು ಹೆಚ್ಚಿನ ಭಾಗ ಇದೆ, ಬಹಳ ಜನ ಆಟದಲ್ಲೇ ಅತ್ಯುತ್ತಮ ಅನ್ನೋ ಭಾಗ. ಶಾಲೆಯ ಆಪ್ತ ಸಲಹೆಗಾರನ ಜೊತೆ ನವೆಂಬರ್ 18ರೊಳಗೆ ಒಂಬತ್ತನೇ ಹಂತದ ಗೆಳೆತನ ಆಗಿರದಿದ್ದರೆ ಅದು ತೆರೆಯೋದೇ ಇಲ್ಲ. ಇದನ್ನು ಆಟ ಸ್ಪಷ್ಟವಾಗಿ ಹೇಳೋದಿಲ್ಲ. ಹಾಗಾಗಿ ಎಲ್ಲರೂ ಗೈಡ್ ನೋಡಿಕೊಂಡು ಆಡ್ತಾರೆ. ಗೈಡ್ ನೋಡಿದ ಮೇಲೆ ಅದು ಆಟಕ್ಕಿಂತ ಲ್ಯಾಬ್ ಮ್ಯಾನ್ಯುಯಲ್‌ಗೆ ಹತ್ತಿರ.

ನಾಲ್ಕು, ನಿಲ್ಲಿಸೋಕೆ ಆಗದೇ ಇರೋದು. ಹಳೆಯ ಆಟಗಳಲ್ಲಿ ಬೇಕೆಂದಲ್ಲಿ ಸೇವ್ ಮಾಡೋಕೆ ಬರೋದಿಲ್ಲ, ಸೇವ್ ಪಾಯಿಂಟ್ ಸಿಗಬೇಕು. ರಾತ್ರಿ ಒಂದು ಗಂಟೆ, ಸೇವ್ ಪಾಯಿಂಟ್ ಇನ್ನೂ ಸಿಕ್ಕಿಲ್ಲ, ಮಲಗಿದರೆ ಒಂದೂವರೆ ಗಂಟೆಯ ಆಟ ನೀರಿಗೆ ಹೋಮ. "ಇನ್ನೊಂದು ಸೇವ್ ಪಾಯಿಂಟ್ ಅಷ್ಟೇ" ಅನ್ನೋ ಮಾತು ನಮ್ಮ ರೂಮಿನಲ್ಲಿ ಕೇಳಿದಷ್ಟು ಇನ್ಯಾವ ಮಾತೂ ಕೇಳಿಲ್ಲ.

ಐದನೆಯದು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ನಮ್ಮ ಕಥೆಯನ್ನೇ ಹೇಳಬೇಕು.

ನಮ್ಮ ಮೂರನೇ ಸೆಮಿಸ್ಟರ್

ಸೇಲ್‌ನಲ್ಲಿ ಮೂವರೂ ದುಡ್ಡು ಹಾಕಿ ಪರ್ಸೋನಾ 5 ರಾಯಲ್ ತಗೊಂಡೆವು. ಒಬ್ಬ ಆಡೋದು, ಇಬ್ಬರು ನೋಡಿಕೊಂಡು ಸಲಹೆ ಕೊಡೋದು. ಮೊದಲ ತಿಂಗಳು ಚೆನ್ನಾಗಿತ್ತು, ಊಟ ಆದ ಮೇಲೆ ಒಂದು ಗಂಟೆ. ಆಮೇಲೆ ಎರಡಾಯ್ತು, ಮೂರಾಯ್ತು.

ಆ ಆಟದಲ್ಲಿ ನಮ್ಮ ಹುಡುಗನಿಗೆ ಜ್ಞಾನ, ಧೈರ್ಯ, ಕೈಚಳಕ, ದಯೆ, ಆಕರ್ಷಣೆ ಅಂತ ಐದು ಗುಣಗಳಿವೆ. ಲೈಬ್ರರಿಯಲ್ಲಿ ಕೂತು ಓದಿದರೆ ಜ್ಞಾನ ಏರುತ್ತೆ. ಪರದೆಯ ಮೇಲೆ ಸಂಗೀತದ ಸ್ವರದ ಗುರುತುಗಳು ಹಾರುತ್ತವೆ, ಏರಿತು ಅಂತ ಕಣ್ಣಿಗೇ ಕಾಣುತ್ತೆ. ಓದಿದರೆ ಏರಲೇಬೇಕು, ಅನುಮಾನವೇ ಇಲ್ಲ. ಅವನಿಗೆ ಪರೀಕ್ಷೆಯೂ ಇದೆ. ಆ ಪರೀಕ್ಷೆಯ ಉತ್ತರಗಳನ್ನು ನಾವು ಫೋನಿನಲ್ಲಿ ಹುಡುಕಿ ಹಾಕಿದೆವು. ಅವನು ಶಾಲೆಗೇ ಮೊದಲು ಬಂದ, ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಅದೇ ವಾರ ನಮ್ಮ ಎರಡನೇ ಇಂಟರ್ನಲ್ಸ್ ಇತ್ತು.

ನಮ್ಮಲ್ಲಿ ಒಬ್ಬನ ಅಪ್ಪ ಪ್ರತಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತಾರೆ. ಊಟ ಆಯ್ತಾ, ಓದ್ತಾ ಇದ್ದೀಯಾ, ಅಷ್ಟೇ, ಎರಡು ನಿಮಿಷದ ಮಾತು. ಆ ತಿಂಗಳು ಒಂಬತ್ತಕ್ಕೆ ನಾವು ಯಾವಾಗಲೂ ಯಾವುದೋ ಬಾಸ್ ಯುದ್ಧದ ಮಧ್ಯದಲ್ಲಿ. "ಓದ್ತಾ ಇದ್ದೀನಿ ಅಪ್ಪ, ಆಮೇಲೆ ಮಾಡ್ತೀನಿ" ಅಂತ ಅವನು ಹೇಳೋನು. ಆಮೇಲೆ ಮಾಡ್ತಿರಲಿಲ್ಲ. ಸ್ವಲ್ಪ ದಿನ ಆದ ಮೇಲೆ ಅವರೇ ಫೋನ್ ಮಾಡೋದು ಕಡಿಮೆ ಮಾಡಿದರು, ಮಗ ಓದ್ತಾ ಇದ್ದಾನೆ, ತೊಂದರೆ ಕೊಡಬಾರದು ಅಂತ.

ಫಲಿತಾಂಶ ಬಂದಾಗ ಅವನಿಗೆ ಗಣಿತ ಹೋಗಿತ್ತು. ಫೋರಿಯರ್ ಸರಣಿ, ಲಾಪ್ಲಾಸ್ ಪರಿವರ್ತನೆ ಇರುವ ಪೇಪರ್. ಉಳಿದ ಇಬ್ಬರು ಅಂಚಿನಲ್ಲಿ ಪಾಸ್. ಮನೆಗೆ ಹೇಳೋಕೆ ಅವನಿಗೆ ನಾಲ್ಕು ದಿನ ಬೇಕಾಯ್ತು. ಹೇಳಿದಾಗ ಅವನ ಅಪ್ಪ ಬೈಯಲಿಲ್ಲ. "ಇಷ್ಟು ಓದಿದರೂ ಹೋಯ್ತಾ, ಪಾಪ" ಅಂದರು. ಅವನು ಫೋನ್ ಇಟ್ಟು ಗೋಡೆ ಕಡೆ ತಿರುಗಿ ಮಲಗಿದ. ಆ ರಾತ್ರಿ ನಾವು ಮೂವರೂ ಮಾತಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಇದು ಆಟದ ತಪ್ಪು ಅಂತ ನಾವು ಹೇಳಲ್ಲ, ತಪ್ಪು ನಮ್ಮದೇ. ಆದರೆ ಯಾಕೆ ಹೀಗಾಯ್ತು ಅಂತ ಯೋಚಿಸಿದಾಗ ನಮಗೆ ಅರ್ಥವಾದದ್ದು ಇದು. ಗಣಿತದಲ್ಲಿ ಮೂರು ಗಂಟೆ ಕೂತರೂ ಒಂದು ಲೆಕ್ಕ ಬಿಡಿಸೋಕೆ ಆಗದೇ ಇರಬಹುದು. ಏನು ಏರಿತು ಅಂತ ಯಾರೂ ತೋರಿಸಲ್ಲ. ಆಟದಲ್ಲಿ ಮೂರು ಗಂಟೆ ಕೂತರೆ ಮೂರು ಗಂಟೆಯ ಫಲ ಖಂಡಿತ, ಅದೂ ಅಂಕಿಯಲ್ಲಿ. ಶ್ರಮಕ್ಕೆ ಖಚಿತವಾದ ಕೂಲಿ ಕೊಡುವ ಜಾಗದಲ್ಲಿ ಇದ್ದು ಅಭ್ಯಾಸ ಆದ ಮೇಲೆ, ಕೂಲಿಯ ಖಾತ್ರಿ ಇಲ್ಲದ ಜಾಗಕ್ಕೆ ಹೋಗೋಕೆ ಮನಸ್ಸು ಬರಲ್ಲ. ಮೊದಲು ಹೇಳಿದೆವಲ್ಲ, ಸೋಲಿಗೆ ಕರುಣೆ ಇದೆ ಅಂತ, ಅದೇ ಗುಣ ಇಲ್ಲಿ ತೊಂದರೆ ಆಯ್ತು. ನಾವು ಸೋಮಾರಿಗಳಾಗಿರಲಿಲ್ಲ. ಆ ತಿಂಗಳು ಬಹಳ ಶ್ರಮಪಟ್ಟೆವು. ಶ್ರಮ ಹೋದ ಜಾಗ ಬೇರೆ ಅಷ್ಟೇ.

ಇನ್ನೂ ಒಂದು ತಮಾಷೆ. ಪರ್ಸೋನಾ 5 ಪೂರ್ತಿ ನಿಂತಿರೋದೇ ಕ್ಯಾಲೆಂಡರ್ ಮೇಲೆ. ದಿನ ಕಡಿಮೆ, ಕೆಲಸ ಜಾಸ್ತಿ, ಇವತ್ತು ಇದನ್ನು ಆರಿಸಿದರೆ ಅದನ್ನು ಬಿಡಬೇಕು, ಗಡುವು ಮುಗಿದರೆ ಮುಗೀತು. ಆ ಆಟದಲ್ಲಿರುವ ಬೆಕ್ಕು ಮೊರ್ಗಾನಾ ಎಷ್ಟೋ ರಾತ್ರಿ "ಇವತ್ತು ಸಾಕು, ಮಲಗು" ಅಂತ ಹೇಳುತ್ತೆ. ಆಟಗಾರರಿಗೆಲ್ಲ ಆ ಬೆಕ್ಕಿನ ಮೇಲೆ ಕೋಪ. ನಾವೂ ಬೈದಿದ್ದೇವೆ. ಪಾಠ ನೂರು ಗಂಟೆ ನಮ್ಮ ಕಣ್ಣ ಮುಂದೆಯೇ ಇತ್ತು.

ಹಾಗಾದ್ರೆ ಆಡೋದು ಹೇಗೆ?

ಉದ್ದ ಇರೋದೆಲ್ಲ ಕೆಟ್ಟದ್ದಲ್ಲ, ಚಿಕ್ಕದೆಲ್ಲ ಒಳ್ಳೆಯದಲ್ಲ. ಆ ಗಂಟೆಗಳಲ್ಲಿ ಏನಿದೆ ಅನ್ನೋದು ಮುಖ್ಯ. ನಾವು ಈಗ ಇಷ್ಟು ನೋಡ್ತೀವಿ:

1. ಈ ಒಂದು ಗಂಟೆಯಲ್ಲಿ ಹೊಸದು ಏನಾದ್ರೂ ಆಯ್ತಾ? ಹೊಸ ಊರು, ಹೊಸ ಮಾತು, ಹೊಸ ನಿರ್ಧಾರ. ಸತತ ಮೂರು ಗಂಟೆ ಏನೂ ಇಲ್ಲ ಅಂದ್ರೆ ಅದು ಕಥೆಯ ಉದ್ದ ಅಲ್ಲ, ದಶಾಂಶದ ಉದ್ದ.

2. ಆಟ ನಮ್ಮ ಸಮಯಕ್ಕೆ ಬೆಲೆ ಕೊಡುತ್ತಾ? 1994ರ ಮದರ್ 2 ಆಟದಲ್ಲಿ, ಹೊರದೇಶದಲ್ಲಿ ಅದರ ಹೆಸರು ಅರ್ತ್‌ಬೌಂಡ್, ನಾವು ಬಲವಾದ ಮೇಲೆ ದುರ್ಬಲ ಶತ್ರುಗಳು ನಮ್ಮನ್ನು ನೋಡಿ ಓಡಿಹೋಗ್ತಾರೆ. ಡಿಕ್ಕಿ ಹೊಡೆದರೆ ಯುದ್ಧದ ಪರದೆಯೇ ಬರದೆ ಗೆದ್ದುಬಿಡ್ತೀವಿ. 2017ರ ಫೈನಲ್ ಫ್ಯಾಂಟಸಿ 12ರ ಹೊಸ ಆವೃತ್ತಿಯಲ್ಲಿ ಆಟವನ್ನೇ ಎರಡು, ನಾಲ್ಕು ಪಟ್ಟು ವೇಗದಲ್ಲಿ ಓಡಿಸಬಹುದು.

3. ಸೆಮಿಸ್ಟರ್ ಮಧ್ಯದಲ್ಲಿ ಚಿಕ್ಕ ಆಟ, ರಜೆಯಲ್ಲಿ ದೊಡ್ಡ ಆಟ. ಮೊದಲ ಸಲ ಆಡುವವರಿಗೆ ನಾವು ಹೇಳೋದು 1995ರ ಕ್ರೋನೋ ಟ್ರಿಗರ್. ಹೋರಿಯಿ, ಸಕಾಗುಚಿ, ತೋರಿಯಾಮಾ ಮೂವರೂ ಸೇರಿ ಮಾಡಿದ್ದು. ಶತ್ರುಗಳು ಸಾಮಾನ್ಯವಾಗಿ ದಾರಿಯಲ್ಲೇ ಕಾಣ್ತಾರೆ, ಎಷ್ಟೋ ಕಡೆ ತಪ್ಪಿಸಿಕೊಂಡು ಹೋಗಬಹುದು. ಇಪ್ಪತ್ತರಿಂದ ಇಪ್ಪತ್ತೈದು ಗಂಟೆಯಲ್ಲಿ ಮುಗಿಯುತ್ತೆ. ಇಷ್ಟ ಆದರೆ ಗಳಿಸಿದ ಲೆವೆಲ್ ಜೊತೆಗೇ ಮತ್ತೆ ಶುರು ಮಾಡಿ ಬೇರೆ ಬೇರೆ ಅಂತ್ಯ ನೋಡಬಹುದು.

4. ಬಿಟ್ಟುಬಿಡೋದು ಸೋಲಲ್ಲ. "ಅರವತ್ತು ಗಂಟೆ ಹಾಕಿದ್ದೀನಿ, ಈಗ ಹೇಗೆ ಬಿಡಲಿ" ಅಂತ ಅನ್ನಿಸುತ್ತೆ. ಆ ಅರವತ್ತು ಗಂಟೆ ಬಿಟ್ಟರೂ ವಾಪಸ್ ಬರಲ್ಲ, ಆಡಿದರೂ ಬರಲ್ಲ. ಮುಂದಿನ ನಲವತ್ತು ಗಂಟೆ ಬೇಕಾ ಅನ್ನೋದು ಮಾತ್ರ ಪ್ರಶ್ನೆ.

ಮದರ್ 2 ಬಗ್ಗೆ ಇನ್ನೊಂದು ಮಾತು ಹೇಳಿ ಮುಗಿಸ್ತೀವಿ. ಅದನ್ನು ಬರೆದವರು ಶಿಗೆಸಾತೋ ಇತೋಯಿ, ಜಾಹೀರಾತುಗಳಿಗೆ ಸಾಲು ಬರೆದು ಹೆಸರು ಮಾಡಿದವರು. ಆ ಆಟದಲ್ಲಿ ಹುಡುಗನ ಅಪ್ಪ ಕಣ್ಣಿಗೆ ಕಾಣಲ್ಲ, ಫೋನಿನಲ್ಲಿ ಮಾತ್ರ ಸಿಗ್ತಾರೆ. ಆಟ ಸೇವ್ ಮಾಡಬೇಕಾದರೆ ಅಪ್ಪನಿಗೆ ಫೋನ್ ಮಾಡಬೇಕು. ತುಂಬ ಹೊತ್ತು ಆಡಿದರೆ ಅಪ್ಪನೇ ಫೋನ್ ಮಾಡಿ, ಬಹಳ ಹೊತ್ತಾಯ್ತಲ್ಲ, ಸ್ವಲ್ಪ ವಿಶ್ರಾಂತಿ ತಗೋ ಅಂತ ಹೇಳ್ತಾರೆ. ಕಳೆದ ತಿಂಗಳು ಒಂದು ಭಾನುವಾರ ಇದನ್ನು ಆಡುವಾಗ ಆ ಫೋನ್ ಬಂತು. ನಮ್ಮ ರೂಮ್‌ಮೇಟ್ ಸ್ವಲ್ಪ ಹೊತ್ತು ಪರದೆ ನೋಡಿದ, ಆಟ ಸೇವ್ ಮಾಡಿದ, ತನ್ನ ಫೋನ್ ತಗೊಂಡು ಕಾರಿಡಾರ್‌ಗೆ ಹೋದ. ಇಪ್ಪತ್ತು ನಿಮಿಷ ಮಾತಾಡಿದ. ಗಣಿತದ ಪೇಪರ್ ಹೋದದ್ದು ಯಾಕೆ ಅಂತ ನಿಜ ಹೇಳಿದನಂತೆ. ಅಪ್ಪ ಈ ಸಲ ಬೈದರಂತೆ. ಅದನ್ನು ಹೇಳುವಾಗ ಅವನ ಮುಖ ಹಗುರಾಗಿತ್ತು.

ಅವನ ಮರುಪರೀಕ್ಷೆ ಮುಂದಿನ ತಿಂಗಳು. ನಾವಿಬ್ಬರೂ ಅವನ ಜೊತೆ ಲಾಪ್ಲಾಸ್ ಕೂತು ಮಾಡ್ತಾ ಇದ್ದೇವೆ, ಸಂಜೆ ಏಳರಿಂದ ಒಂಬತ್ತರವರೆಗೆ. ಒಂಬತ್ತಕ್ಕೆ ಫೋನ್ ಬರುತ್ತೆ. ಏನು ಏರಿತು ಅಂತ ಯಾವ ಪರದೆಯೂ ತೋರಿಸ್ತಾ ಇಲ್ಲ. ಆದರೆ ಮೊನ್ನೆ ಒಂದು ಹಳೆಯ ಪ್ರಶ್ನೆಪತ್ರಿಕೆಯ ಏಳು ಅಂಕದ ಲೆಕ್ಕವನ್ನು ಅವನು ಯಾರ ಸಹಾಯವೂ ಇಲ್ಲದೆ ಮುಗಿಸಿದ. ನಾವು ಚಪ್ಪಾಳೆ ತಟ್ಟಿದೆವು.